ಮನೆ ಲೈನ್ ಇರುವ ಫೈಬರ್‌ನಲ್ಲೇ ಬಿಸಿನೆಸ್ ಲೈನ್: ಸಿದ್ದಾಪುರದ ಅನುಭವ

ಕೊಡಗಿನ ಸಿದ್ದಾಪುರ, ಅಮ್ಮತ್ತಿ ಕಡೆ ನಾನು ಫೈಬರ್ ಇಂಟರ್ನೆಟ್ ಕೊಡುತ್ತೇನೆ. ಮನೆಗಳೇ ಜಾಸ್ತಿ. ಜೊತೆಗೆ ಹೋಮ್‌ಸ್ಟೇ, ಸಹಕಾರ ಸಂಘ, ಲ್ಯಾಬ್, ತೋಟದ ಆಫೀಸುಗಳೂ ಇವೆ. ಇವರಿಗೆಲ್ಲ ಬೇರೆ ಬೇರೆ ಫೈಬರ್ ಎಳೆಯುವ ಶಕ್ತಿ ನಮ್ಮಂಥ ಸಣ್ಣವರಿಗಿಲ್ಲ. ಎಲ್ಲರೂ ಒಂದೇ ಜಿಪಾನ್ (ಒಂದು ಫೈಬರನ್ನು ಹಲವರಿಗೆ ಹಂಚುವ) ನೆಟ್‌ವರ್ಕ್‌ನಲ್ಲಿದ್ದಾರೆ. ನಮ್ಮ ಕಡೆಯ ಮುಖ್ಯ ಯಂತ್ರ ಓಎಲ್‌ಟಿ. ಅದರ ಒಂದು ಪೋರ್ಟಿನಿಂದ ಒಂದು ಎಳೆ ಹೊರಡುತ್ತದೆ, ಸ್ಪ್ಲಿಟರ್ ಅದನ್ನು 32 ಅಥವಾ 64 ಕಡೆಗೆ ಹಂಚುತ್ತದೆ. ಸ್ಪ್ಲಿಟರ್‌ಗೆ ಕರೆಂಟೇ ಬೇಡ. ನಮ್ಮ ಮಳೆಗಾಲ ನೋಡಿದವರಿಗೆ ಇದರ ಬೆಲೆ ಗೊತ್ತು.

"ಏನಣ್ಣ, ದುಡ್ಡು ಡಬಲ್ ಕೊಟ್ಟರೂ ಲೈನ್ ಪಕ್ಕದ ಮನೆಯದರ ಹಾಗೇ ಇದೆಯಲ್ಲ?" ಎಂದು ಹೋಮ್‌ಸ್ಟೇಯವರು ಕೇಳುವುದು ನ್ಯಾಯವೇ. ಪ್ಲಾನ್‌ಗೆ ಸುಮ್ನೆ ಬಿಸಿನೆಸ್ ಅಂತ ಹೆಸರಿಟ್ಟರೆ ಏನೂ ಬದಲಾಗಲ್ಲ. ಜಿಪಾನ್‌ನಲ್ಲಿ ಡೌನ್‌ಲೋಡ್‌ಗೆ ಸುಮಾರು 2.5 ಗಿಗಾಬಿಟ್ ಇದೆ, ಅಪ್‌ಲೋಡ್‌ಗೆ ಅದರ ಅರ್ಧ. 64 ಜನ ಒಟ್ಟಿಗೆ ಅಪ್‌ಲೋಡ್ ಮಾಡಿದರೆ ಒಬ್ಬರಿಗೆ 20 ಎಂಬಿಪಿಎಸ್ ಕೂಡ ಸಿಗಲ್ಲ. ಲ್ಯಾಬಿನವರು ಸ್ಕ್ಯಾನ್ ಮೈಸೂರಿಗೆ ಕಳಿಸುವಾಗಲೇ ಹತ್ತು ಮನೆಯ ಸಿಸಿಟಿವಿಯೂ ಅಪ್‌ಲೋಡ್ ಆಗುತ್ತಿರುತ್ತದೆ.

ಇದಕ್ಕೆ ಮದ್ದು ಓಎಲ್‌ಟಿಯಲ್ಲೇ ಇದೆ. ಯಾರು ಯಾವಾಗ ಎಷ್ಟು ಕಳಿಸಬೇಕು ಎಂದು ಅದೇ ಪಾಳಿ ಹಾಕುತ್ತದೆ. ಗಿರಾಕಿಯ ಕಡೆ ಇರುವ ಡಬ್ಬ ಓಎನ್‌ಟಿ. ಪ್ರತಿ ಓಎನ್‌ಟಿಗೂ ಟಿ-ಕಾಂಟ್, ಅಂದರೆ ಅಪ್‌ಲೋಡ್ ಪಾಲಿನ ಲೆಕ್ಕ ಇರುತ್ತದೆ. ಮನೆಯವರಿಗೆ ಟೈಪ್ 4, ಅಂದರೆ ಉಳಿದದ್ದರಲ್ಲಿ ಪಾಲು. ಬಿಸಿನೆಸ್‌ನವರಿಗೆ ಖಾತ್ರಿ ಕೊಡುವ ಟೈಪ್ 2. ಅವರು ಬಳಸದಿದ್ದಾಗ ಆ ಜಾಗ ಬೇರೆಯವರಿಗೆ ಹೋಗುತ್ತದೆ, ನಷ್ಟವಿಲ್ಲ. ಖಾತ್ರಿ ಕೊಟ್ಟದ್ದೆಲ್ಲ ಕೂಡಿ ಪೋರ್ಟಿನ ಅರ್ಧ ದಾಟಬಾರದು ಎಂಬುದು ನನ್ನದೇ ಲೆಕ್ಕ.

ಬಿಸಿನೆಸ್‌ನವರನ್ನು ಅದೇ ಓಎಲ್‌ಟಿಯ ಬೇರೆ ಪೋರ್ಟಿಗೆ, 16 ಕಡೆಗೆ ಮಾತ್ರ ಹಂಚುವ 1:16 ಸ್ಪ್ಲಿಟರ್‌ಗೆ ಹಾಕಿದ್ದೇನೆ. ಹಂಚಿಕೆ ದುಪ್ಪಟ್ಟಾದಾಗಲೆಲ್ಲ ಬೆಳಕು ಸುಮಾರು 3 ಡಿಬಿ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಮಾಮೂಲಿ ಓಎನ್‌ಟಿ ಬೆಳಕು ಮೈನಸ್ 27 ಡಿಬಿಎಂವರೆಗೆ ಕುಗ್ಗಿದರೂ ಎಳೆಯುತ್ತದೆ, ಆದರೆ ಇವರಿಗೆ ನಾನು ಮೈನಸ್ 22ಕ್ಕಿಂತ ಕೆಳಗೆ ಬಿಡಲ್ಲ. ಜುಲೈನಲ್ಲಿ ಜಾಯಿಂಟ್ ಬಾಕ್ಸಿಗೆ ನೀರು ಇಳಿದಾಗ, ಕೊಂಬೆ ಬಿದ್ದು ಕೇಬಲ್ ಬಾಗಿದಾಗ ಆ 5 ಡಿಬಿ ಕೈ ಹಿಡಿಯುತ್ತದೆ.

ಬೇರೆ ಪೋರ್ಟಿಗೆ ಇನ್ನೊಂದು ಕಾರಣ ಸಿಡಿಲು. ಫೈಬರ್ ಗಾಜು, ಅದರಲ್ಲಿ ಸಿಡಿಲಿನ ಕರೆಂಟ್ ಹರಿಯಲ್ಲ, ಆದರೆ ಅಡಾಪ್ಟರ್ ಮೂಲಕ ಓಎನ್‌ಟಿ ಕೆಡುತ್ತದೆ. ಕೆಟ್ಟದ್ದು ಸತ್ತರೆ ಸರಿ. ಕೆಲವು ಸಾಯದೆ, ಪಾಳಿ ಬಿಟ್ಟು ಲೇಸರ್ ಹಾಕುತ್ತಲೇ ಇರುತ್ತವೆ. ಆಗ ಆ ಪೋರ್ಟಿನ ಎಲ್ಲರದ್ದೂ ಢಮಾರ್. ಸ್ಪ್ಲಿಟರ್‌ನ ಒಂದೊಂದೇ ಕಾಲು ಬಿಚ್ಚಿ ಕಳ್ಳನನ್ನು ಹುಡುಕಬೇಕು. ಯಾರದ್ದೋ ಮನೆಯ ಅಗ್ಗದ ಡಬ್ಬದಿಂದ ಸಹಕಾರ ಸಂಘದ ಕೆಲಸ ನಿಲ್ಲುವುದು ಬೇಡ ಅಲ್ವಾ?

ಇಷ್ಟಾದರೂ ನಮ್ಮಲ್ಲಿ ಲೈನ್ ಕಡಿಯುವುದು ಹೆಚ್ಚಾಗಿ ಮರದಿಂದ. ಮಳೆಗೆ ಮುಂಚೆ ತೋಟದಲ್ಲಿ ಮರಗಸಿ (ನೆರಳಿನ ಕೊಂಬೆ ಕಡಿಯುವುದು) ಮಾಡುವಾಗ ಸಿಲ್ವರ್ ಓಕ್ ಕೊಂಬೆ ನೇರ ಕೇಬಲ್ ಮೇಲೆ. ಮಳೆ ಶುರುವಾದ ಮೇಲೆ ಮರವೇ ಕಂಬದ ಮೇಲೆ. ಆನೆ ದೂಡಿದ್ದೂ ಉಂಟು. ಅದಕ್ಕೇ ಖರ್ಚಿನ ದೊಡ್ಡ ಪಾಲು ಎರಡನೇ ದಾರಿಗೆ ಹೋಯಿತು. ಎರಡು ಇನ್‌ಪುಟ್ ಇರುವ ಸ್ಪ್ಲಿಟರ್ ಹಾಕಿ, ಓಎಲ್‌ಟಿಯ ಎರಡು ಪೋರ್ಟಿನಿಂದ ಎರಡು ಕೇಬಲ್ ತಂದೆವು. ಒಂದು ಮುಖ್ಯ ರಸ್ತೆಯ ಕಂಬಗಳಲ್ಲಿ, ಇನ್ನೊಂದು ತೋಟದ ಒಳದಾರಿಯಲ್ಲಿ. ಮೊದಲನೆಯದು ಕಡಿದರೆ ಓಎಲ್‌ಟಿ ತಾನಾಗಿ ಎರಡನೆಯದಕ್ಕೆ ಹೋಗುತ್ತದೆ. ತೋಟದವರ ಒಪ್ಪಿಗೆ ಪಡೆಯುವುದು ಕೇಬಲ್ ಎಳೆಯುವುದಕ್ಕಿಂತ ಕಷ್ಟ. ಒಂದು ಕಡೆ ಫ್ರೀ ಕನೆಕ್ಷನ್ ಕೊಟ್ಟು ಮುಗಿಸಿದೆ. ಸ್ಪ್ಲಿಟರ್‌ನಿಂದ ಗಿರಾಕಿಯವರೆಗಿನ ತುಂಡಿಗೆ ಮಾತ್ರ ಈ ರಕ್ಷಣೆ ಇಲ್ಲ.

ಹೊರಗಿನ ಲಿಂಕ್, ಅಂದರೆ ನಮ್ಮ ಊರಿಗೆ ಇಂಟರ್ನೆಟ್ ತರುವ ಲೈನ್ ಕೂಡ ಎರಡು ಬೇಕು. ಇಲ್ಲಿ ಒಂದು ವಿಷಯ ನೋಡಿಕೊಳ್ಳಿ. ಒಂದು ಕುಶಾಲನಗರದ ಮೇಲೆ, ಇನ್ನೊಂದು ಗೋಣಿಕೊಪ್ಪ, ತಿತಿಮತಿ ಮೇಲೆ ಬಂದರೂ ಎರಡು ರಸ್ತೆಯೂ ಹುಣಸೂರಿನ ಹತ್ತಿರ ಸೇರುತ್ತವೆ. ಅಲ್ಲಿಂದ ಮೈಸೂರಿಗೆ ಎರಡೂ ಒಂದೇ ಕೇಬಲ್‌ನಲ್ಲಿ ಹೋಗುತ್ತವೆಯೋ ಎಂದು ಕೇಳಿ, ಬರೆಸಿಕೊಳ್ಳಿ.

ರೆಡ್ ಲೈಟ್ ಬರ್ತಿದೆ ಎಂದು ಫೋನ್ ಬರುವ ಮುಂಚೆಯೇ ನಾನು ಓಎಲ್‌ಟಿ ನೋಡುತ್ತೇನೆ. ಕರೆಂಟ್ ಹೋಗುವಾಗ ಓಎನ್‌ಟಿ ಕೊನೆಯ ಉಸಿರಿನಲ್ಲಿ ಒಂದು ಸಂದೇಶ ಕಳಿಸುತ್ತದೆ, ಅದಕ್ಕೆ ಡೈಯಿಂಗ್ ಗ್ಯಾಸ್ಪ್ ಎನ್ನುತ್ತಾರೆ. ಅದು ಬಂದಿದ್ದರೆ ಫೈಬರ್ ಸರಿಯಿದೆ, ಜೀಪ್ ತೆಗೆಯಬೇಕಿಲ್ಲ. ಮಿನಿ ಯುಪಿಎಸ್ ಚಾರ್ಜ್ ಮುಗಿದಿದೆ ಅಷ್ಟೆ.

ಇನ್ನು ಅಗ್ರಿಮೆಂಟ್. ಲೈನ್ 99.9 ಪರ್ಸೆಂಟ್ ಹೊತ್ತು ಇರುತ್ತದೆ ಎಂದು ಬರೆದುಕೊಟ್ಟರೆ ತಿಂಗಳಿಗೆ 43 ನಿಮಿಷ ಮಾತ್ರ ಬಂದ್. ರಸ್ತೆಗೆ ಮರ ಬಿದ್ದ ದಿನ ಜಾಯಿಂಟ್ ಹತ್ತಿರ ತಲುಪಲೂ ಅದು ಸಾಲದು. ಎರಡು ದಾರಿ ಇರುವವರಿಗೆ ಮಾತ್ರ ಅದನ್ನು ಬರೆದುಕೊಡುತ್ತೇನೆ. ಉಳಿದವರಿಗೆ 99.5, ತಿಂಗಳಿಗೆ ಮೂರೂವರೆ ಗಂಟೆ ಚಿಲ್ಲರೆ. ಅವರಿಗೆ 4ಜಿ ರೂಟರ್ ಒಂದು ಇಟ್ಟುಕೊಳ್ಳಿ ಎನ್ನುತ್ತೇನೆ. ಆದರೆ ಎರಡು ದಿನ ಕರೆಂಟ್ ಇಲ್ಲದಿದ್ದರೆ ಟವರೂ ಮಲಗುತ್ತದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.