‘ಸೌಲನ ಮತಾಂತರ’ ಎಂಬ ತಲೆಬರಹವನ್ನು ನಾನು ಕೈಬಿಟ್ಟದ್ದು

ಸಭೆಯ ವಾರದ ವೇದಪಾಠದಲ್ಲಿ ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯವನ್ನು ನಾನು ಹಲವು ವರ್ಷ ‘ಸೌಲನ ಮತಾಂತರ’ ಎಂಬ ತಲೆಬರಹದಲ್ಲಿಯೇ ಕಲಿಸಿದೆ. ಯೇಸುವಿನ ಶಿಷ್ಯರನ್ನು ಹಿಂಸಿಸುತ್ತಿದ್ದ ಸೌಲನು, ದಮಸ್ಕದ ದಾರಿಯಲ್ಲಿ ಯೇಸುವಿನ ದರ್ಶನವಾದಾಗ ಯೆಹೂದ್ಯ ಧರ್ಮವನ್ನು ಬಿಟ್ಟು, ಹೆಸರನ್ನೂ ಬದಲಿಸಿಕೊಂಡು ಪೌಲನಾದನೆಂದು ಹೇಳುತ್ತಿದ್ದೆ. ಆದರೆ 13ನೆಯ ಅಧ್ಯಾಯದಲ್ಲಿ, ಕುಪ್ರದ್ವೀಪದಲ್ಲಿ, ‘ಪೌಲನೆನಿಸಿಕೊಳ್ಳುವ ಸೌಲ’ ಎಂಬ ಮಾತು ಬರುವ ತನಕ ಅವನು ಸೌಲನೇ. ಎರಡು ಹೆಸರುಗಳೂ ಅವನವೇ.

ಈ ತಪ್ಪು ಕಂಡ ಮೇಲೆ, ಅವನನ್ನು ಕುರಿತು ಇತರರು ಹೇಳಿದ್ದನ್ನು ಬದಿಗಿಟ್ಟು, ತನ್ನ ಬಗ್ಗೆ ಅವನೇ ಬರೆದ ವಾಕ್ಯಗಳನ್ನು ಗ್ರೀಕ್ ಮೂಲದೊಡನೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತಾಯಿಯ ಗರ್ಭದಿಂದಲೇ ದೇವರು ತನ್ನನ್ನು ಪ್ರತ್ಯೇಕಿಸಿ ಕರೆದನೆಂದು ಗಲಾತ್ಯದವರಿಗೆ ಅವನು ಬರೆಯುವಾಗ, ಯೆರೆಮೀಯನ ಮೊದಲ ಅಧ್ಯಾಯವೂ ಯೆಶಾಯನ 49ನೆಯ ಅಧ್ಯಾಯವೂ ಅದರಲ್ಲಿ ಕೇಳಿಸುತ್ತವೆ. ಅದು ಇಸ್ರಾಯೇಲಿನ ಪ್ರವಾದಿಯೊಬ್ಬನು ತನ್ನ ಕರೆಯನ್ನು ಹೇಳಿಕೊಳ್ಳುವ ಭಾಷೆ. ರೋಮಾಪುರದವರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ತಾನು ಇಸ್ರಾಯೇಲ್ಯನೆಂದು ವರ್ತಮಾನಕಾಲದಲ್ಲಿಯೇ ಹೇಳುತ್ತಾನೆ. ‘ಕ್ರೈಸ್ತ’ ಎಂಬ ಹೆಸರು ಹೊಸ ಒಡಂಬಡಿಕೆಯಲ್ಲಿ ಮೂರೇ ಕಡೆ ಬರುತ್ತದೆ. ಪೌಲನ ಪತ್ರಗಳಲ್ಲಿ ಒಮ್ಮೆಯೂ ಇಲ್ಲ.

ಗಲಾತ್ಯದವರಿಗೆ ಬರೆದ ಅದೇ ಪತ್ರದಲ್ಲಿರುವ, ‘ಯೂದಾಯಿಸ್ಮೊಸ್’ನಲ್ಲಿ (ಯೆಹೂದ್ಯತನ ಎಂಬ ಅರ್ಥದ ಗ್ರೀಕ್ ಪದ) ತನ್ನ ಹಿಂದಿನ ನಡತೆ ಎಂಬ ಮಾತು ಮಾತ್ರ ನನ್ನನ್ನು ಬಹಳ ದಿನ ತಡೆದು ನಿಲ್ಲಿಸಿತು. ಈ ಪದ ಪೌಲನಿಗಿಂತ ಹಿಂದಿನ ಯೆಹೂದ್ಯ ಗ್ರಂಥವಾದ ಮಕ್ಕಬಿಯರ ಎರಡನೆಯ ಪುಸ್ತಕದಲ್ಲಿ, ಗ್ರೀಕ್ ರೀತಿನೀತಿಗಳ ಒತ್ತಡಕ್ಕೆ ಎದುರಾಗಿ ಪಿತೃಗಳ ಆಚಾರವನ್ನು ಉಳಿಸಿಕೊಳ್ಳುವ ಹೋರಾಟಕ್ಕೆ ಬಳಕೆಯಾಗಿದೆ. ಪೌಲನು ಬಿಟ್ಟದ್ದು ಸಭೆಯನ್ನು ಹಿಂಸಿಸುವಷ್ಟು ತೀವ್ರವಾಗಿದ್ದ ಆ ಹುರುಪನ್ನೇ ಹೊರತು ತನ್ನ ಜನವನ್ನಲ್ಲ ಎಂಬುದು ನನ್ನ ತೀರ್ಮಾನ.

ಹೀಗೆ ಕಲಿಸತೊಡಗಿದಾಗ ಹಿರಿಯ ತಾಯಿಯೊಬ್ಬರು, “ಅಯ್ಯನವರೇ, ತಿಮೊಥೆಯನಿಗೆ ಸುನ್ನತಿ ಮಾಡಿಸಿದವನೂ ಪೌಲನೇ, ತೀತನಿಗೆ ಬೇಡವೆಂದವನೂ ಪೌಲನೇ, ಇದು ಹೇಗೆ?” ಎಂದು ಕೇಳಿದರು. ಎರಡು ಪುಟಗಳ ನಡುವೆ ಬೆರಳಿಟ್ಟುಕೊಂಡು ಅವರು ಉತ್ತರಕ್ಕಾಗಿ ಕಾದರು. ಇಬ್ಬರೂ ಪೌಲನ ಜೊತೆಗಾರರು; ತಿಮೊಥೆಯನ ತಾಯಿ ಯೆಹೂದ್ಯಳು, ತೀತನು ಗ್ರೀಕನು. ಆ ಕಾಲದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಗಂಡಸು ಯೆಹೂದ್ಯ ಜನಾಂಗಕ್ಕೆ ಪೂರ್ತಿಯಾಗಿ ಸೇರುವ ದಾರಿಯೇ ಸುನ್ನತಿಯಾಗಿತ್ತು. ಗ್ರೀಕನು ಗ್ರೀಕನಾಗಿಯೇ ಇದ್ದು ಮೆಸ್ಸೀಯನನ್ನು ನಂಬಬಹುದೆಂಬುದಕ್ಕಾಗಿ ಪೌಲನು ಯೆರೂಸಲೇಮಿನಲ್ಲಿ ಪಟ್ಟುಹಿಡಿದನು; ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ ಊಟಕ್ಕೆ ಕೂರದೆ ಹಿಂದೆಗೆದ ಕೇಫನನ್ನು, ಅಂದರೆ ಪೇತ್ರನನ್ನು, ಅವನು ಎಲ್ಲರ ಮುಂದೆ ಎದುರಿಸಿದ್ದೂ ಅದಕ್ಕಾಗಿಯೇ.

ಈಗ ಆ ಪಾಠಕ್ಕೆ ‘ಪೌಲನ ಕರೆ’ ಎಂದು ಹೆಸರಿಟ್ಟಿದ್ದೇನೆ. ‘ಮತಾಂತರ’ ಎಂಬ ಪದವನ್ನು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದ ಪಾಠದಲ್ಲಿ, ಅನ್ಯಜನರಲ್ಲಿ ಹುಟ್ಟಿ ಯೆಹೂದ್ಯ ಮತಕ್ಕೆ ಸೇರಿದ್ದ ಅಂತಿಯೋಕ್ಯದ ನಿಕೊಲಾಯನಿಗೆ ಬಳಸುತ್ತೇನೆ.