ಎರಡು ಪ್ಲಗ್ ಎಂಜಿನ್‌ಗೆ ಟೈಮಿಂಗ್ ಇಡುವುದು ಹೇಗೆ?

ಸಿಲಿಂಡರ್‌ಗೆ ಎರಡು ಸ್ಪಾರ್ಕ್ ಪ್ಲಗ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪಲ್ಸರ್ ಡಿಟಿಎಸ್-ಐ ಬೈಕು. ಕಾರುಗಳಲ್ಲಿ ಇದನ್ನು ಚೆನ್ನಾಗಿ ಬಳಸಿಕೊಂಡದ್ದು ಪೋರ್ಷೆ. 1966ರ ಕರೇರಾ 6, 1973ರ 911 ಆರ್‌ಎಸ್‌ಆರ್ ರೇಸ್ ಕಾರುಗಳ ಏರ್-ಕೂಲ್ಡ್ ಎಂಜಿನ್‌ನಲ್ಲಿ ಆರು ಸಿಲಿಂಡರ್‌ಗೆ 12 ಪ್ಲಗ್. 1989ರ 964 ಮಾದರಿಯ 911ನಲ್ಲಿ ಇದು ರಸ್ತೆ ಕಾರಿಗೂ ಬಂತು. ಕಾರ್ಬ್ಯುರೇಟರ್ ಇರುವ ಹಳೆಯ 911ಗಳಿಗೂ ಹೆಡ್‌ನಲ್ಲಿ (ಸಿಲಿಂಡರ್‌ನ ಮುಚ್ಚಳ) ತೂತು ಕೊರೆದು ಎರಡನೇ ಪ್ಲಗ್ ಕೂರಿಸುತ್ತಾರೆ. ಆ ಕೆಲಸ ಮುಗಿದ ಮೇಲೆ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು, ಹೇಗೆ ಇಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಒಂದು ಮಾತು ಮನಸ್ಸಲ್ಲಿ ಇಟ್ಟುಕೊಳ್ಳಿ. ಪ್ಲಗ್ ಎರಡಾದರೆ ಅಡ್ವಾನ್ಸ್ (ಪಿಸ್ಟನ್ ತುದಿ ತಲುಪುವ ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತದೆ ಎಂಬ ಲೆಕ್ಕ) ಜಾಸ್ತಿ ಮಾಡುವುದಲ್ಲ, ಕಡಿಮೆ ಮಾಡಬೇಕು. ಹೈ ಕಂಪ್ರೆಷನ್ ಪಿಸ್ಟನ್‌ನ ತಲೆ ಗುಡ್ಡದ ಹಾಗೆ ಉಬ್ಬಿರುತ್ತದೆ. ಒಂದೇ ಪ್ಲಗ್ ಇದ್ದರೆ ಬೆಂಕಿ ಆ ಗುಡ್ಡ ದಾಟಿ ಆಚೆ ಬದಿಗೆ ಹೋಗಬೇಕು. ಅದಕ್ಕೆ ಹೊತ್ತು ಬೇಕು. ಹಾಗಾಗಿ ಪಿಸ್ಟನ್ ಮೇಲೆ ತಲುಪುವ ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಸುಮಾರು 35 ಡಿಗ್ರಿ ಮೊದಲೇ ಕಿಡಿ ಹಾರಿಸುತ್ತಾರೆ. ಎರಡು ಕಡೆಯಿಂದ ಬೆಂಕಿ ಹತ್ತಿದರೆ 25ರಿಂದ 28 ಡಿಗ್ರಿ ಸಾಕು. ಹಳೇ 35ರಲ್ಲೇ ಬಿಟ್ಟರೆ ಪಿಸ್ಟನ್ ಇನ್ನೂ ಏರುತ್ತಿರುವಾಗಲೇ ಒತ್ತಡ ಅದರ ತಲೆಗೆ ಬಡಿಯುತ್ತದೆ. ಆ ಬಿಸಿ ಎಳೆದುಕೊಳ್ಳಲು ಹೆಡ್ ಸುತ್ತ ನೀರಿಲ್ಲ. ಪಿಸ್ಟನ್ ತೂತು ಬೀಳುವುದು ಹೀಗೇ.

ಈಗ ಪುಲ್ಲಿಗೆ ಗುರುತು ಹಾಕಬೇಕು. ಕ್ರ್ಯಾಂಕ್ ಪುಲ್ಲಿಯ ಮೇಲೆ ಟಿಡಿಸಿ (ಒಂದನೇ ಸಿಲಿಂಡರ್‌ನ ಪಿಸ್ಟನ್ ತುತ್ತತುದಿಗೆ ಬರುವ ಜಾಗ) ಗುರುತಾಗಿ Z1 ಇರುತ್ತದೆ. ಪುಲ್ಲಿಯ ಸುತ್ತ ದಾರ ಸುತ್ತಿ ಅಳೆಯಿರಿ. ಆ ಅಳತೆಯನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಎಷ್ಟು ಮಿಲಿಮೀಟರ್ ಎಂದು ಸಿಗುತ್ತದೆ. ಸುತ್ತಳತೆ 450 ಮಿ.ಮೀ. ಬಂತು ಅನ್ನಿ, ಡಿಗ್ರಿಗೆ 1.25 ಮಿ.ಮೀ., 25 ಡಿಗ್ರಿಗೆ 31 ಮಿ.ಮೀ. ಮತ್ತು ಚೂರು. ಪುಲ್ಲಿಗೆ ಎದುರಾಗಿ ನಿಂತು Z1ನ ಬಲಕ್ಕೆ ಅಷ್ಟು ಅಳೆದು ಬಿಳಿ ಬಣ್ಣದಲ್ಲಿ ಸಣ್ಣ ಗೆರೆ ಎಳೆಯಿರಿ. 5 ಮತ್ತು 23 ಡಿಗ್ರಿಗೂ ಒಂದೊಂದು ಗೆರೆ ಇರಲಿ. ಅವಸರದಲ್ಲಿ ಎಡಕ್ಕೆ ಎಳೆದುಬಿಟ್ಟರೆ ಎಲ್ಲಾ ಉಲ್ಟಾ ಆಗುತ್ತದೆ, ಎರಡು ಸಲ ನೋಡಿ.

ಮುಂದಿನದು ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್‌ಗಳಿಗೆ ಸರದಿ ಪ್ರಕಾರ ಕರೆಂಟ್ ಹಂಚುವ ಭಾಗ. ಹೆಚ್ಚಿನವರು ಎಡವುವುದು ಇಲ್ಲೇ. ಐಡಲ್‌ನಲ್ಲಿ 5, ಜೋರಾಗಿ ಓಡುವಾಗ 35 ಇದ್ದ ಡಿಸ್ಟ್ರಿಬ್ಯೂಟರನ್ನು ಸುಮ್ನೆ ತಿರುಗಿಸಿ 25ಕ್ಕೆ ತಂದರೆ, ಐಡಲ್ ಟಿಡಿಸಿ ದಾಟಿ 5 ಡಿಗ್ರಿ ಆಚೆ ಹೋಗುತ್ತದೆ. ಎಂಜಿನ್ ಕುಂಟುತ್ತದೆ, ಬಿಸಿಯೂ ಆಗುತ್ತದೆ. ಆದ್ದರಿಂದ ಒಳಗೆ ವೇಗ ಏರಿದಂತೆ ಹೊರಕ್ಕೆ ಸರಿದು ಅಡ್ವಾನ್ಸ್ ಹೆಚ್ಚಿಸುವ ವೆಯ್ಟ್‌ಗಳು ಸರಿಯುವ ದೂರವನ್ನೇ ಕಡಿಮೆ ಮಾಡಿಸಬೇಕು. ಕ್ರ್ಯಾಂಕ್‌ನಲ್ಲಿ 20 ಡಿಗ್ರಿ ಬೇಕಾದರೆ ಡಿಸ್ಟ್ರಿಬ್ಯೂಟರ್‌ನಲ್ಲಿ 10 ಡಿಗ್ರಿ. ಅದು ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ಅಲ್ವಾ?

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಟೈಮಿಂಗ್ ಲೈಟ್ (ಪ್ರತಿ ಕಿಡಿಗೂ ಮಿಂಚುವ ದೀಪ) ಪುಲ್ಲಿಗೆ ಹಿಡಿಯಿರಿ. ಕ್ಲಿಪ್ಪನ್ನು ಒಂದನೇ ಸಿಲಿಂಡರ್‌ನ ಮೇಲಿನ ಪ್ಲಗ್ ವೈರಿಗೆ ಹಾಕಿ. ಅಡ್ವಾನ್ಸ್ ಪೂರ್ತಿ ಬರುವವರೆಗೆ ವೇಗ ಏರಿಸಿ, ಗೆರೆ ಅಲುಗದೆ ನಿಂತಾಗ ಓದಿ. ಮೊದಲ ಸಲಕ್ಕೆ 23 ಡಿಗ್ರಿಗೆ ಇಡುವುದು ಕ್ಷೇಮ. ಆಮೇಲೆ ಕ್ಲಿಪ್ಪನ್ನು ಕೆಳಗಿನ ಪ್ಲಗ್ ವೈರಿಗೆ ಬದಲಿಸಿ. ಎರಡೂ ಒಂದೇ ಓದು ಕೊಡಬೇಕು. ಬೇರೆ ಬಂದರೆ ಕ್ಯಾಪ್, ರೋಟರ್ ನೋಡಿ. ನಾಲ್ಕನೇ ಸಿಲಿಂಡರ್‌ನ ಟಿಡಿಸಿಯೂ ಇದೇ ಗುರುತಿಗೆ ಬರುವುದರಿಂದ ಅಲ್ಲೂ ಒಮ್ಮೆ ಪರೀಕ್ಷಿಸಿ. ಫ್ಯಾನ್ ಮತ್ತು ಬೆಲ್ಟ್ ಹತ್ತಿರವೇ ಇರುತ್ತವೆ, ಕೈ, ತೋಳು ಜೋಪಾನ. ಓಡುತ್ತಿರುವಾಗ ಪ್ಲಗ್ ವೈರ್ ಕೀಳಬೇಡಿ.

ಇಲ್ಲಿಂದ ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಒಂದೊಂದೇ ಡಿಗ್ರಿ ಏರಿಸುತ್ತಾ ಹೋಗಿ. ಟಾರ್ಕ್ ಏರುವುದು ನಿಂತ ಕಡೆ ನೀವೂ ನಿಲ್ಲಿ, ಒಂದೆರಡು ಡಿಗ್ರಿ ಹಿಂದಕ್ಕೆ ತನ್ನಿ. ಫ್ಯಾನ್ ಸದ್ದಿನಲ್ಲಿ ನಾಕಿಂಗ್ (ಇಂಧನ ತಾನಾಗೇ ಸಿಡಿದು ಬರುವ ಟಕಟಕ ಸದ್ದು) ಕಿವಿಗೆ ಕೇಳುವುದು ಕಷ್ಟ, ಕಿವಿ ನಂಬಿ ಕೂರಬೇಡಿ. ಪ್ಲಗ್ ಬಿಚ್ಚಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಚೆಲ್ಲಿದ ಹಾಗೆ ಚುಕ್ಕಿ, ನಡುವೆ ಹೊಳೆಯುವ ಅಲ್ಯೂಮಿನಿಯಂ ಕಣ ಕಂಡರೆ ಆ ದಿನ ಗಾಡಿ ಓಡಿಸಬೇಡಿ. ಕೆಳಗಿನ ಪ್ಲಗ್‌ಗಳನ್ನೂ ಬಿಡದೆ ಬಿಚ್ಚಿ. ಸಿಲಿಂಡರ್ ಮಲಗಿರುವುದರಿಂದ ಆಯಿಲ್ ಇಳಿದು ಅವೇ ಬೇಗ ಜಿಡ್ಡಾಗುತ್ತವೆ.

964 ಇದ್ದವರಿಗೆ ಟೈಮಿಂಗ್ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಆದರೆ ಅದರ ಎರಡನೇ ಡಿಸ್ಟ್ರಿಬ್ಯೂಟರ್ ತಿರುಗುವುದು ಸಣ್ಣ ರಬ್ಬರ್ ಬೆಲ್ಟಿನಿಂದ. ಕ್ಯಾಪ್ ಒಳಗೆ ಹುಟ್ಟುವ ಓಝೋನ್ ಅದನ್ನು ತಿನ್ನುತ್ತದೆ. ಇಗ್ನಿಷನ್ ಆಫ್ ಮಾಡಿ, ಎರಡನೇ ಕ್ಯಾಪ್ ತೆಗೆದು ರೋಟರನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಅದು ಸಡಿಲವಾಗಿ ಗಿರಕಿ ಹೊಡೆದರೆ ಬೆಲ್ಟ್ ಹೋಗಿದೆ. ಬದಲಿಸುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.