ಅಮ್ಮನಿಗೆ ಬರೆದ ಒಂದು ಪುಟ

ಅಮ್ಮ ತೀರಿಕೊಂಡ ರಾತ್ರಿಯೇ ಅಣ್ಣ ಹೇಳಿದ, "ಚರ್ಚಿನಲ್ಲಿ, ಅಂತ್ಯಕ್ರಿಯೆಯ ದಿನ, ನಾಲ್ಕು ಮಾತು ನೀನೇ ಆಡಬೇಕು. ಬರೆಯೋಕೆ ಬರೋದು ನಿನಗೇ." ನಿದ್ದೆ ಹೇಗೂ ಇರಲಿಲ್ಲ, ಕೂತು ಬರೆದೆ. ಆರು ಪುಟವಾಯಿತು. ಮಮತಾಮಯಿ, ತ್ಯಾಗಮಯಿ, ಸದಾ ನಗುಮೊಗ, ಯಾರಿಗೂ ನೋವು ಕೊಟ್ಟವಳಲ್ಲ. ಬೆಳಿಗ್ಗೆ ಮಗಳ ಕೈಗೆ ಕೊಟ್ಟೆ. ಮೂರನೇ ಪುಟಕ್ಕೆ ನಿಲ್ಲಿಸಿ, "ಅಮ್ಮಾ, ಇದರಲ್ಲಿ ಅಜ್ಜಿ ಎಲ್ಲಿ?" ಅಂದಳು.

ಅದೇ ದಿನ ನಮ್ಮ ಕಥೋಲಿಕ ಚರ್ಚಿನ ಗುರುಗಳನ್ನು, ಅಂದರೆ ಪಾದ್ರಿಗಳನ್ನು, ಕಾಣಲು ಹೋದಾಗ ಇನ್ನೊಂದು ವಿಷಯ ತಿಳಿಯಿತು. ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆ, ಮಾಸ್) ಗುರುಗಳ ಪ್ರಬೋಧನೆ, ಅಂದರೆ ಉಪದೇಶ, ಇರುತ್ತದೆ, ಆದರೆ ಅದು ತೀರಿಕೊಂಡವರ ಗುಣಗಾನ ಆಗಬಾರದು. ಬಲಿಪೂಜೆಯ ನಿಯಮಗಳಿರುವ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 382ನೇ ಅಂಕ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮನೆಯವರು ಮಾತಾಡುವುದಾದರೆ ಪರಮಪ್ರಸಾದ (ಪವಿತ್ರ ರೊಟ್ಟಿ) ಹಂಚಿದ ನಂತರದ ಪ್ರಾರ್ಥನೆ ಮುಗಿದ ಮೇಲೆ, ಅಂತಿಮ ಬೀಳ್ಕೊಡುಗೆಗೆ ಮುಂಚೆ, ಸ್ವಲ್ಪ ಹೊತ್ತು. "ಮನಸ್ಸು ಬಿಚ್ಚಿ ಮಾತಾಡೋಕೆ ಹಿಂದಿನ ರಾತ್ರಿಯ ಜಾಗರಣೆ ಪ್ರಾರ್ಥನೆ ಇದೆಯಲ್ಲ," ಅಂದರು ಗುರುಗಳು. ನನಗೆ ಮೊದಲು ಬೇಸರವಾಯಿತು. ಆಮೇಲೆ ಯೋಚಿಸಿದರೆ ಅದೇ ಸರಿ ಅನ್ನಿಸಿತು. ರಾತ್ರಿ ಮೊಮ್ಮಕ್ಕಳು ಮಾತಾಡಲಿ, ಪೂಜೆಯಲ್ಲಿ ನನ್ನದು ಒಂದೇ ಪುಟ.

ಆರು ಪುಟ ಹರಿದೆ. ಮನೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೇಳತೊಡಗಿದೆ. "ಅಮ್ಮ ಹೇಗಿದ್ದಳು?" ಅಂದರೆ ಎಲ್ಲರೂ "ದೇವರಂಥವಳು" ಅನ್ನುತ್ತಿದ್ದರು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗಿ ಪ್ರಶ್ನೆ ಬದಲಿಸಿದೆ: ಕೊನೆಯ ಸಲ ಅವಳು ನಿನ್ನನ್ನು ಬೈದದ್ದು ಯಾವಾಗ? ಅವಳು ಎಲ್ಲಿ ಕೂರುತ್ತಿದ್ದಳು? ಆಗ ಬಂತು ನೋಡಿ! ನನಗೆ ಸಿಕ್ಕ ಅಮ್ಮ ಬೇರೆ, ಮಕ್ಕಳಿಗೆ ಸಿಕ್ಕ ಅಜ್ಜಿ ಬೇರೆ. ಮಣಿಸರ ಹಿಡಿದು ಮಾಡುವ ಜಪಸರ ಪ್ರಾರ್ಥನೆಯ ಹೊತ್ತಿಗೆ ಮಂಡಿಯೂರಿದ ನಾವು ಸ್ವಲ್ಪ ಕುಸಿದು ಕೂತರೂ ಗದರುತ್ತಿದ್ದವಳು ಮೊಮ್ಮಕ್ಕಳನ್ನು ಮಡಿಲಲ್ಲೇ ಮಲಗಿಸಿಕೊಂಡು ಜಪ ಮುಗಿಸುತ್ತಿದ್ದಳಂತೆ.

ಮಗಳು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಜಪಸರಕ್ಕೆ ಬೆಳಕಿನ ರಹಸ್ಯಗಳು ಐದನ್ನು ಸೇರಿಸಿದರಲ್ಲ (ರಹಸ್ಯಗಳೆಂದರೆ ಜಪಿಸುತ್ತಾ ಧ್ಯಾನಿಸುವ, ಯೇಸು ಮತ್ತು ಮರಿಯಮ್ಮನ ಬದುಕಿನ ಘಟನೆಗಳು), ಬಾಲ್ಯದಿಂದ ಹದಿನೈದೇ ಕಲಿತಿದ್ದ ಅಮ್ಮನಿಗೆ ಅವು ಬಾಯಿಗೆ ಹತ್ತಲಿಲ್ಲ. ಅವುಗಳ ಸರದಿಯ ಗುರುವಾರ ಸಂಜೆ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಕಾನಾ ಊರಿನ ಮದುವೆ ಆಯ್ತು, ಮುಂದೇನು ಪುಟ್ಟಾ?" ಅಂತ ಪಿಸುಗುಡುತ್ತಿದ್ದಳಂತೆ. ಅಜ್ಜಿಗೆ ತಾನೇ ಜಪ ಕಲಿಸಿದೆ ಎಂಬ ನಂಬಿಕೆಯಲ್ಲೇ ಬೆಳೆದಿದ್ದಾಳೆ ಮಗಳು. ಇದನ್ನು ಹಾಗೇ ಬರೆದುಕೊಂಡೆ.

ಜಟಾಪಟಿ ಆದದ್ದು ಒಂದೇ ವಿಷಯಕ್ಕೆ. ಅಮ್ಮ ಚಿಕ್ಕಮ್ಮನ ಜೊತೆ ಏಳು ವರ್ಷ ಮಾತು ಬಿಟ್ಟಿದ್ದಳು. "ಅದನ್ನೆಲ್ಲ ಯಾಕೆ ಎತ್ತುತ್ತೀಯ?" ಎಂದು ಅಣ್ಣ ಸಿಟ್ಟಾದ. ಒಂದು ದಿನವಿಡೀ ತೂಗಿ ನೋಡಿದೆ. ಬಲಿಪೂಜೆಯಲ್ಲಿ ನಾವು ಬೇಡುವುದೇನು? ಈಕೆಯ ಪಾಪಗಳನ್ನು ಕ್ಷಮಿಸು ಎಂದು. ಅವಳಲ್ಲಿ ತಪ್ಪೇ ಇರಲಿಲ್ಲ ಎಂದು ನಾನು ಹೊಗಳಿ ಕೂತರೆ ಆ ಪ್ರಾರ್ಥನೆ ಯಾರಿಗೆ? ಸಂತ ಪದವಿ ಕೊಡುವುದು ಧರ್ಮಸಭೆಯ, ಅಂದರೆ ಇಡೀ ಚರ್ಚ್ ಸಂಸ್ಥೆಯ, ಕೆಲಸ, ಮಗಳದ್ದಲ್ಲ. ಅವಳಿಗೆ ನಮ್ಮ ಪ್ರಾರ್ಥನೆ ಬೇಕು, ನನ್ನ ಹೊಗಳಿಕೆಗಿಂತ ಅದೇ ಬೇಕು. ಆದರೂ ಚಿಕ್ಕಮ್ಮನನ್ನು ಕೇಳದೆ ಬರೆಯುವುದು ನ್ಯಾಯವಲ್ಲವಲ್ಲ. ಕೇಳಿದೆ. "ಹೇಳು ಮಗಾ," ಅಂದರು ಚಿಕ್ಕಮ್ಮ, "ಆದರೆ ಮೊದಲು ಬಾಗಿಲು ತಟ್ಟಿದವಳು ಅವಳೇ ಅಂತಲೂ ಹೇಳು." ಎರಡನ್ನೂ ಹೇಳಿದೆ.

ಬೈಬಲಿನಲ್ಲಿರುವ, ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದಿಂದ ಒಂದು ಸಾಲು ಆರಿಸಿಕೊಂಡಿದ್ದೆ, ಅಜ್ಜಿ ಲೋವಿ, ತಾಯಿ ಯೂನಿಕೆ ಇವರಲ್ಲಿದ್ದ ವಿಶ್ವಾಸ ಮಗನಲ್ಲೂ ಇದೆ ಎನ್ನುವ ಮಾತು. ಪುಟವನ್ನು ನಾಲ್ಕು ಸಲ ಗಟ್ಟಿಯಾಗಿ ಓದಿ ನೋಡಿದ್ದೆ, ಗಂಟಲು ಕಟ್ಟುವ ಜಾಗದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಉಸಿರು ತೆಗೆದುಕೊಳ್ಳಲು ಗುರುತು ಮಾಡಿದ್ದೆ. ಕಟ್ಟಿದ್ದು ಮಾತ್ರ ಗೆರೆಯಿಲ್ಲದ ಕಡೆ, "ಮುಂದೇನು ಪುಟ್ಟಾ" ಎಂಬಲ್ಲಿ. ಮಗಳು ಎದ್ದು ಬಂದು ಪಕ್ಕದಲ್ಲಿ ನಿಂತಳು. ಉಳಿದದ್ದನ್ನು ಅವಳೇ ಓದಿದಳು.

ವಾರದ ನಂತರ ಅಮ್ಮನ ಪ್ರಾರ್ಥನಾ ಪುಸ್ತಕ ತೆರೆದೆ. ಅಂಚುಗಳು ಬೆರಳಿನ ಎಣ್ಣೆಗೆ ಕಂದಾಗಿದ್ದವು. ಒಳಗೆ ಮಡಚಿ ಮಡಚಿ ಸವೆದ ಒಂದು ಹಾಳೆ, ತೀರಿಕೊಂಡವರ ಹೆಸರುಗಳು, ಮೂವತ್ತೊಂದು. ಮೇಲಿನವು ಮಸಿ ಪೆನ್ನಿನಲ್ಲಿ, ಕೆಳಗಿನವು ನಡುಗುವ ಕೈಯ ಬಾಲ್ ಪೆನ್ನಿನಲ್ಲಿ. ಮೂರು ಹೆಸರು ನಮ್ಮ ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಹಳೆಯ ಗೆಳತಿಯೊಬ್ಬರಿಗೆ ಫೋನು ಮಾಡಿ ಓದಿದೆ. ಒಂದು ಹೆಸರಿಗೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಹುಟ್ಟಿದ ದಿನವೇ ಹೋದ ಅವರ ಮಗು ಅದು. ತಾವೇ ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟೋ ವರ್ಷವಾಗಿತ್ತಂತೆ.

ನವೆಂಬರ್ 2ರಂದು, ತೀರಿಕೊಂಡವರಿಗಾಗಿ ಪ್ರಾರ್ಥಿಸುವ ಸಕಲ ಆತ್ಮಗಳ ದಿನ, ಸಮಾಧಿಯ ಹತ್ತಿರ ಆ ಹಾಳೆಯನ್ನು ಓದಿದೆವು. ಕೊನೆಯಲ್ಲಿ ಅಮ್ಮನ ಹೆಸರನ್ನು ಮಗಳು ಸೇರಿಸಿದ್ದಾಳೆ. ಉಳಿದ ಎರಡು ಹೆಸರು ಯಾರವೆಂದು ಇಂದಿಗೂ ತಿಳಿದಿಲ್ಲ. ಅವನ್ನೂ ಓದುತ್ತೇವೆ.